ಹೆಬ್ಬೆಟ್ಟಿಗೂ ಬಂತು ನೋಟಿಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯವರೆಲ್ಲ ‘ಸೋಪಕ್ಕ’ ಎನ್ನುವ ಹೆಂಗಸು ತಗಡಿನ ಶೆಡ್ಡಿನಲ್ಲಿ ಮರದ ಅಚ್ಚಿನ ಮುಂದೆ ಕೂತು, ಗಟ್ಟಿಯಾಗುತ್ತಿರುವ ಸೋಪಿನ ಮೇಲೆ ಸಾಲಾಗಿ ಹೆಬ್ಬೆರಳು ಒತ್ತುತ್ತಿದ್ದಾರೆ. ಕುಳಿ ಹಾಗೇ ನಿಂತರೆ ಹದ ಬಂದಿದೆ ಎಂದರ್ಥ. ಆಮೇಲೆ ತಂತಿ ಎಳೆದು ಬಿಲ್ಲೆ ಕತ್ತರಿಸುತ್ತಾರೆ.

“ಎಲ್ಲದಕ್ಕೂ ಒತ್ತಬೇಕಾ ಅಕ್ಕಾ?” ಎಂದು ಕೇಳಿದೆ.

“ಅಂಚಿನದು ಬೇಗ ಗಟ್ಟಿಯಾಗುತ್ತೆ, ನಡುವಿನದು ಕೈಕೊಡುತ್ತೆ. ನಾನಂತೂ ನಂಬಲ್ಲ.”

ಸೋಪನ್ನು ನಂಬದ ಅಕ್ಕ ಮನುಷ್ಯರನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು. ಗಂಡ ದುಡಿಯುತ್ತಿದ್ದ ಮುದ್ರಣಾಲಯ ಬಾಗಿಲು ಹಾಕಿದಾಗ ಶುರುವಾದ ಕಸುಬು ಇದು. ಕ್ಷಾರಕ್ಕೆ ಬೆರಳ ಚರ್ಮ ಸುಲಿದಿದೆ. ಒಮ್ಮೆ ತಂತಿ ಜಾರಿ ಹೆಬ್ಬೆರಳನ್ನೇ ಓರೆಯಾಗಿ ಸೀಳಿದ ಗುರುತು ಈಗಲೂ ಇದೆ. ಜನ ಅಂಗಡಿಗೆ ಹೋಗಿ ‘ಹೆಬ್ಬೆಟ್ಟಿನ ಸೋಪು ಕೊಡಿ’ ಎಂದು ಕೇಳುವಷ್ಟು ಹೆಸರಾಯಿತು.

ಅಂಗಡಿ ಪರವಾನಗಿ, ತಯಾರಿಕೆಯ ಪರವಾನಗಿ, ತೆರಿಗೆ ನೋಂದಣಿ, ಎಲ್ಲವೂ ಚೊಕ್ಕ. ವ್ಯಾಪಾರ ಬೆಳೆದಾಗ ಬೇರೆ ಊರುಗಳಿಗೆ ಮಾಲು ಒಯ್ಯಲು ಒಬ್ಬ ವಿತರಕ ಬಂದ. ಬಾಯಿತುಂಬ ‘ಅಕ್ಕಾ’ ಎಂದವನ ಜತೆ ಒಪ್ಪಂದ ಬರೆದುಕೊಳ್ಳಲು ಇವರಿಗೆ ಸಂಕೋಚ. ಸೋಪಿನ ಮೇಲಿನ ಹೆಬ್ಬೆಟ್ಟಿನ ಗುರುತನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬೇಕೆಂದು ಹೊಳೆಯಲೂ ಇಲ್ಲ.

“ನನ್ನ ಬೆರಳು ನನ್ನ ಕೈಯಲ್ಲೇ ಇದೆಯಲ್ಲ, ಅದನ್ನ ಯಾಕೆ ನೋಂದಾಯಿಸೋದು ಅಂದ್ಕೊಂಡೆ.”

ಆ ಪುಣ್ಯಾತ್ಮ ಹೆಬ್ಬೆಟ್ಟಿನ ಗುರುತನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡು, ಬೇರೆ ಕಡೆ ಸೋಪು ಮಾಡಿಸಿ, ಇವರಿಗೇ ವಕೀಲರ ನೋಟಿಸ್ ಕಳಿಸಿದ: ಇನ್ನು ಮುಂದೆ ಸೋಪಿನ ಮೇಲೆ ಹೆಬ್ಬೆಟ್ಟು ಒತ್ತಕೂಡದು! ಕೇಳಿ ನಾನು ದಂಗಾದೆ. ಇಷ್ಟು ರಾಜಾರೋಷದ ಕಳ್ಳತನವನ್ನು ನಾನು ಕಂಡಿಲ್ಲ.

“ನನ್ನ ಬೆರಳು ಬಳಸಿದರೆ ನಾನೇ ಕಳ್ಳಿಯಂತೆ! ಅಂಗಡಿಯವರು ಹೆದರಿ ಮಾಲು ವಾಪಸ್ ಕಳಿಸಿದ್ರು. ಅಚ್ಚುಗಳನ್ನೆಲ್ಲ ಬೋರಲು ಹಾಕಿಬಿಟ್ವಿ.”

“ಬೆರಳು ಕತ್ತರಿಸಿ ಕೊಡು ಅನ್ನಲಿಲ್ಲವಲ್ಲ, ದೊಡ್ಡ ಮನಸ್ಸು,” ಎಂದು ಗಂಡ ಈಗ ನಗುತ್ತಾರೆ. ಆಗ ಅವರಿಗೂ ತುತ್ತು ಇಳಿದಿರಲಿಲ್ಲವಂತೆ.

ಪಕ್ಕದ ಮನೆಯ ವಕೀಲೆ ನೋಂದಣಿ ರದ್ದು ಮಾಡುವಂತೆ ಅರ್ಜಿ ಹಾಕಿದರು. ಗುರುತನ್ನು ಮೊದಲು ಬಳಸಿದ್ದು ಯಾರೆಂದು ತೋರಿಸಬೇಕಿತ್ತು. ವಿಚಾರಣೆಯಲ್ಲಿ ವಿತರಕ ತಾನು ನೋಂದಾಯಿಸಿದ ಹೆಬ್ಬೆಟ್ಟಿನ ಚಿತ್ರವನ್ನು ತಾನೇ ಬರೆಸಿದ್ದೆಂದು ಸಾಧಿಸಿದ. ಅಧಿಕಾರಿ ಅದನ್ನು ದೊಡ್ಡದಾಗಿ ತೆರೆಯ ಮೇಲೆ ತೋರಿಸಿದರು. ಹೆಬ್ಬೆಟ್ಟಿನ ನಡುವೆ ಓರೆಯಾದ ಒಂದು ಗೀರು! ಆತ ಅಕ್ಕನ ಸೋಪಿನಿಂದಲೇ ಪಡಿಯಚ್ಚು ತೆಗೆಸಿದ್ದ, ಗಾಯದ ಸಮೇತ. ಅಕ್ಕ ಎದ್ದುಹೋಗಿ ಮೇಜಿನ ಮೇಲೆ ಕೈ ಇಟ್ಟರು.

ಅವನ ನೋಂದಣಿ ರದ್ದಾಗಿ ಗುರುತು ಈಗ ಇವರ ಹೆಸರಿನಲ್ಲಿದೆ. ಅಚ್ಚುಗಳು ಮತ್ತೆ ತುಂಬುತ್ತಿವೆ. ಸೊಸೆಯನ್ನು ಪಾಲುದಾರಳಾಗಿ ಸೇರಿಸಿಕೊಂಡಾಗಲೂ ಕರಾರು ಬರೆಸಿದ್ದಾರೆ. ಅವಳು ಮುನಿಸಿಕೊಳ್ಳಲಿಲ್ಲವೇ ಎಂದರೆ, “ಒಂದು ವಾರ ಮುನಿಸಿಕೊಂಡ್ಲು. ಪರವಾಗಿಲ್ಲ,” ಎನ್ನುತ್ತಾರೆ.

ನೋಂದಣಿಯ ದಿನದ ಬಗ್ಗೆ ಕೇಳಿದಾಗ ಮಾತ್ರ ಕೆಲಸ ನಿಲ್ಲಿಸುತ್ತಾರೆ.

“ನನಗೆ ಸಹಿ ಹಾಕೋಕೆ ಚೆನ್ನಾಗೇ ಬರುತ್ತೆ. ಗುಮಾಸ್ತರು ಪೆನ್ನು ಕೊಟ್ರು. ಬೇಡ, ಇಂಕಿನ ಪ್ಯಾಡ್ ಕೊಡಿ ಅಂದೆ.”