ಒಂದೇ ಮನೆಯ ಮೂರು ಚುನಾವಣೆಗಳು

ಅದು ೨೦೦೪ನೆಯ ಇಸವಿ. ಆಗ ನನಗೆ ನಲವತ್ತಮೂರು ವರ್ಷ. ಕಾಚಿಗೂಡದ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ವ್ಯಾಕರಣ ಕಲಿಸಿದ್ದ ನಾನು, ಹಿಂದಿನ ವರ್ಷವಷ್ಟೇ ಸೀಮೆಸುಣ್ಣವನ್ನು ಕೆಳಗಿಟ್ಟು, ಮಾಧಾಪುರದ ಗಾಜಿನ ಕಟ್ಟಡವೊಂದನ್ನು ಸೇರಿದ್ದೆ. ಮೊಬೈಲ್ ಫೋನಿನ ಪುಟ್ಟ ಪರದೆಯ ಮೇಲೆ ಮೂಡಬೇಕಾದ ಕನ್ನಡ ವಾಕ್ಯಗಳನ್ನು ತಿದ್ದುವುದು ಅಲ್ಲಿ ನನ್ನ ಕೆಲಸ. ವಿಭಕ್ತಿ ತಪ್ಪಿದ ಒಂದು ವಾಕ್ಯವೂ ನನ್ನ ಮೇಜನ್ನು ದಾಟಿ ಹೋಗಲಿಲ್ಲವೆಂಬ ಹೆಮ್ಮೆ ನನಗೆ ಇಂದಿಗೂ ಇದೆ.

ನಾವಿದ್ದದ್ದು ಮೆಹದಿಪಟ್ಟಣಂನ ಒಳಗಲ್ಲಿಯ ಬಾಡಿಗೆ ಮನೆ. ನೆಲಮಹಡಿ, ಮುಂದೆ ಉದ್ದನೆಯ ವರಾಂಡ, ವರಾಂಡದ ಮೇಲೆ ಒರಗಿದಂತೆ ಬಾಗಿದ ಒಂದು ಬೇವಿನ ಮರ. ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ಅವಳ ತಂದೆ. ಮಾವನವರು ಕೊಪ್ಪಳದ ಕಡೆಯವರು. ಆ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಉರ್ದು ಮಾಧ್ಯಮದಲ್ಲಿ ಓದಿದವರಾದ್ದರಿಂದ ಮಾತಿಗೆ ಕನ್ನಡ, ಓದಿಗೆ ಉರ್ದು ಎಂಬ ವಿಂಗಡಣೆ ಅವರಲ್ಲಿ ಕೊನೆಯವರೆಗೂ ಉಳಿದಿತ್ತು. ಇಂಗ್ಲಿಷನ್ನು ಅವರು ತಾವು ದುಡಿದ ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ನಿವೃತ್ತರಾಗಿದ್ದರು. ನಾನು ಓದುತ್ತಿದ್ದದ್ದು ಇಂಗ್ಲಿಷ್ ಪತ್ರಿಕೆ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಹೆಂಡತಿ ಧಾರಾವಾಹಿಗಳ ನಡುನಡುವೆ ತೆಲುಗು ವಾಹಿನಿಯ ವಾರ್ತೆ ನೋಡುತ್ತಿದ್ದಳು. ಬೆಳಿಗ್ಗೆ ಮೂವರೂ ಒಂದೇ ಪಾತ್ರೆಯ ಚಹಾವನ್ನು ಕುಡಿದು ಮೂರು ಬೇರೆ ಬೇರೆ ಊರುಗಳಿಗೆ ಹೊರಟುಹೋಗುತ್ತಿದ್ದೆವು. ಒಬ್ಬರ ಊರಿಗೆ ಇನ್ನೊಬ್ಬರು ಹೋಗುವಂತಿರಲಿಲ್ಲ, ಏಕೆಂದರೆ ದಾರಿಯ ಲಿಪಿ ತಿಳಿಯುತ್ತಿರಲಿಲ್ಲ.

ಆ ವರ್ಷ ನನ್ನ ಮನಸ್ಸಿನ ತುಂಬ ಒಂದು ಫ್ಲ್ಯಾಟು ತೇಲುತ್ತಿತ್ತು. ಮಾಧಾಪುರದಿಂದಾಚೆಗೆ, ಬಂಡೆಗಳ ಮೇಲೆ ಬಂಡೆಗಳು ನಿದ್ದೆಹೋದಂತೆ ಕುಳಿತಿದ್ದ ಬಯಲಿನಲ್ಲಿ ಅದು ಏಳಲಿತ್ತು. ಬಣ್ಣದ ಕಾಗದದಲ್ಲಿ ಅದಕ್ಕೆ ಆಗಲೇ ಬಾಲ್ಕನಿ, ಹೂಕುಂಡ, ಕಾರಂಜಿ ಎಲ್ಲವೂ ಇದ್ದವು. ಏಳನೆಯ ಅಂತಸ್ತಿನ ಕಿಟಕಿಯಲ್ಲಿ ನಿಂತು ಸಂಜೆಯ ಗಾಳಿ ಕುಡಿಯುತ್ತಿರುವ ನನ್ನನ್ನು ನಾನೇ ಎಷ್ಟೋ ಸಲ ಕಂಪನಿಯ ಬಸ್ಸಿನ ಗಾಜಿನಲ್ಲಿ ಕಂಡಿದ್ದೇನೆ.

ಯುಗಾದಿಯ ಹೋಳಿಗೆಯ ಮೇಲೆ ಆ ಮಾತು ತೆಗೆದೆ. ಮಾವನವರು ತುಪ್ಪದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು.

"ಏಳನೇ ಮಾಳಿಗ್ಯಾಗ ನಾ ಏನ್ ಮಾಡ್ಲಿ ಮಾಸ್ತರ್ರ? ಹದ್ದಿನ ಜೋಡಿ ಮಾತಾಡ್ಕೋತ ಕುಂದರ್ಲಿ?"

"ಊರು ಆ ಕಡೆಗೇ ಬೆಳೆಯುತ್ತಿದೆ, ಮಾವನವರೇ. ಈ ಸರಕಾರ ಇರುವವರೆಗೂ ಬೆಳೆಯುತ್ತದೆ."

"ಇದ್ರ ಅಲ್ಲ?"

"ಇದ್ದೇ ಇರುತ್ತದೆ."

ಅವರು ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿದರು. "ಹಂಗಾದ್ರ ಒಂದ್ ಮಾತ್ ಆಡೂಣು. ಈ ಚುನಾವಣ್ಯಾಗ ಸರಕಾರ ಉಳೀತಂದ್ರ ನಾ ಬಾಯಿ ಮುಚ್ಕೊಂಡು ನಿಮ್ಮ ಮಾಳಿಗಿ ಹತ್ತತೀನಿ. ಬಿತ್ತಂದ್ರ, ನಾ ಇರೂತನ ಈ ವರಾಂಡ ಬಿಡಾಂಗಿಲ್ಲ. ಆಮ್ಯಾಲ ಫ್ಲ್ಯಾಟಿನ ಹೆಸರು ಎತ್ತಬಾರದು."

ನಾನು ಒಪ್ಪಿದೆ. ಹೋಳಿಗೆ ಬಡಿಸುತ್ತಿದ್ದ ಹೆಂಡತಿ ಇಬ್ಬರನ್ನೂ ನೋಡಿ, "ನನಗ ಯಾವ ಮನಿ ಬೇಕಂತ ಇಬ್ರೂ ಕೇಳಲಿಲ್ಲ. ಅದಕ್ಕ ನಾನೇ ಪಂಚರು. ನಾ ಹೇಳಿದ ಮ್ಯಾಲೆ ಒಬ್ಬರೂ ಪಿಟ್ ಅನ್ನಬಾರದು" ಎಂದಳು.

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ನಗು ಬರುತ್ತದೆ. ವಯಸ್ಸಾದವರು, ಸೋಲುವುದು ಖಚಿತವೆಂದು ತಿಳಿಯದೆ ಮಾತು ಕೊಟ್ಟರಲ್ಲ ಎಂದು ನಾನು ಒಳಗೊಳಗೇ ಮರುಗಿದೆ. ಪಾಪ, ಮಾಸ್ತರರಿಗೆ ಸುದ್ದಿಯೇ ಮುಟ್ಟಿಲ್ಲವೆಂದು ಅವರೂ ಮರುಗಿದ್ದರಂತೆ. ಒಬ್ಬರ ಸೋಲಿಗೆ ಇನ್ನೊಬ್ಬರು ಮುಂಗಡವಾಗಿ ಸಮಾಧಾನ ಹೇಳುವವರಂತೆ ಆ ದಿನ ನಾವಿಬ್ಬರೂ ಪರಸ್ಪರ ಹೆಚ್ಚು ಪ್ರೀತಿಯಿಂದ ನಡೆದುಕೊಂಡೆವು. ನಾನು ಅವರಿಗೆ ಎಲೆ ಮಡಿಸಿಕೊಟ್ಟೆ, ಅವರು ನನ್ನ ತಲೆಯ ಕಡೆಗೆ ಕೂಲರನ್ನು ತಿರುಗಿಸಿದರು.

ಊಹೆಯನ್ನು ನಂಬುವ ಮನುಷ್ಯ ನಾನಲ್ಲ. ಪ್ರತಿದಿನ ಕಂಪನಿಯ ಬಸ್ಸಿನಲ್ಲಿ ಸಾಲಾಗಿ ಒಬ್ಬೊಬ್ಬರನ್ನೇ ವಿಚಾರಿಸಿದೆ. ಬೆಂಗಳೂರಿನ ಹುಡುಗರು, ಮಂಗಳೂರಿನ ಹುಡುಗಿಯರು, ವಿಜಯವಾಡದವರು, ಎಲ್ಲರದೂ ಒಂದೇ ಉತ್ತರ. ಸರಕಾರ ಹೋದರೆ ಈ ಗಾಜಿನ ಕಟ್ಟಡಗಳ ಗತಿಯೇನು ಎಂದು ಕೇಳುವಾಗ ಅವರ ಕಣ್ಣುಗಳಲ್ಲಿ ನನ್ನ ಏಳನೆಯ ಅಂತಸ್ತೇ ಕಾಣಿಸುತ್ತಿತ್ತು. "ಈ ಸರಕಾರವೇ ಬರುತ್ತದಲ್ಲವೇ?" ಎಂದು ಡ್ರೈವರನನ್ನೂ ಕೇಳಿದೆ. ಅವನು ಗೇರು ಬದಲಿಸುತ್ತ, "ಔನು ಸಾರ್" ಎಂದ. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆಯನ್ನು ಮಕ್ಕಳಿಗೆ ಕೇಳಬಾರದೆಂದು ಕಿರಿಯ ಉಪಾಧ್ಯಾಯರಿಗೆ ಬುದ್ಧಿ ಹೇಳುತ್ತಿದ್ದವನು ನಾನೇ. ಬಸ್ಸಿನ ತಂಪಿನಲ್ಲಿ ಅದು ನೆನಪಾಗಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಮಾವನವರ ಬಲಗಣ್ಣಿನ ಪೊರೆ ತೆಗೆಸಿದೆವು. ವೈದ್ಯರು ಹಸಿರು ಕನ್ನಡಕ ಕೊಟ್ಟು, ತಾವು ಹೇಳುವವರೆಗೆ ಓದು ಬೇಡವೆಂದರು. ಆ ಮನೆಯಲ್ಲಿ ಅವರ ಪತ್ರಿಕೆಯನ್ನು ಅವರಿಗೆ ಓದಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ನಾನು ನನ್ನ ಪತ್ರಿಕೆಯನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಎರಡು ದಿನ ಸುಮ್ಮನೆ ಕೇಳಿದ ಅವರು ಮೂರನೆಯ ದಿನ, "ಯಾವ ದೇಶದ ಸುದ್ದಿ ಓದಾಕತ್ತೀರಿ?" ಎಂದರು.

ಅಂದಿನಿಂದ ಎದುರುಮನೆಯ ಸಾಹೇಬರು ಬರತೊಡಗಿದರು. ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿದ್ದು ನಿವೃತ್ತರಾದವರು, ಮಾವನವರ ಹಳೆಯ ಗೆಳೆಯ. ಬಿಸಿಲು ಇಳಿಮುಖವಾದಾಗ ಉರ್ದು ಪತ್ರಿಕೆಯನ್ನು ಬಗಲಲ್ಲಿಟ್ಟುಕೊಂಡು ಬಂದು, ಬೆತ್ತದ ಕುರ್ಚಿಯಲ್ಲಿ ಕುಳಿತು ಓದುವರು. ಕೂಲರಿನ ಲಾವಂಚದ ವಾಸನೆ, ಉದುರುವ ಬೇವಿನ ಹೂ, ಅವರ ಇಳಿದನಿ: ರಜೆಯ ದಿನಗಳಲ್ಲಿ ಒಳಕೋಣೆಯಲ್ಲಿ ಅರೆನಿದ್ದೆಯಲ್ಲಿ ಮಲಗಿದ ನನ್ನ ಕಿವಿಗೆ ಆ ಓದು ಪರದೆಯಾಚೆಯ ಕಥೆಯಂತೆ ಬೀಳುತ್ತಿತ್ತು. ಕಿವಿಗೆ ಉರ್ದು ತಿಳಿಯುತ್ತಿತ್ತು, ಕಣ್ಣಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಬತ್ತಿದ ಬೋರುಗಳು, ಕರೆಂಟಿನ ಬಿಲ್ಲಿನ ಜಗಳಗಳು, ಗುಳೆ ಹೊರಟ ಊರುಗಳು. ನನ್ನ ಪತ್ರಿಕೆಯಲ್ಲಿ ಇವೂ ಇದ್ದಿರಬೇಕು. ಆದರೆ ನಾನು ತಿರುಗಿಸಿಬಿಡುವ ಪುಟದಲ್ಲಿ.

ಒಂದು ದಿನ ಆಳುವ ಪಕ್ಷದ ಒಂದೇ ಸಭೆಯ ಎರಡು ಚಿತ್ರಗಳು ವರಾಂಡದಲ್ಲಿ ಎದುರಾದವು. ನನ್ನ ಪತ್ರಿಕೆಯಲ್ಲಿ ಜನಸಾಗರ. ಸಾಹೇಬರ ಪತ್ರಿಕೆಯಲ್ಲಿ ಖಾಲಿ ಕುರ್ಚಿಗಳ ಸಾಲು.

"ಇದು ಸಭೆ ಶುರುವಾಗುವ ಮೊದಲು ತೆಗೆದದ್ದು" ಎಂದೆ.

"ನಿಮ್ದು ಊಟದ ಪೊಟ್ಟಣ ಕೊಡಾಕತ್ತಾಗ ತಗದದ್ದು" ಎಂದರು ಮಾವನವರು, ಚಿತ್ರವನ್ನು ಕಾಣದೆಯೇ.

ಸಾಹೇಬರು ಚಹಾದ ಬಸಿಯನ್ನು ತುಟಿಗೆತ್ತಿ ಕಣ್ಣು ಮಿಟುಕಿಸಿದರು: "ಮಾಸ್ಟರ್ ಸಾಬ್, ಕುರ್ಚಿಯಾಂ ಭೀ ವೋಟ್ ಡಾಲ್ತೇ ಕ್ಯಾ?"

ಒಳಗಿನಿಂದ ಹೆಂಡತಿ ಕೂಗಿದಳು: "ನಮ್ಮ ಟಿವಿಯಾಗ ಕುರ್ಚೀನೂ ತೋರಿಸಿಲ್ಲ, ಮಂದೀನೂ ತೋರಿಸಿಲ್ಲ. ಬರೇ ಹೆಲಿಕಾಪ್ಟರ್ ತೋರಿಸ್ಯಾರ!"

ಮತದಾನ ಮುಗಿದ ಮೇಲೊಂದು ಭಾನುವಾರ ಮಾವನವರನ್ನು ಆಟೋದಲ್ಲಿ ಕೂರಿಸಿಕೊಂಡು ಆ ಬಂಡೆಗಳ ಬಯಲಿಗೆ ಕರೆದೊಯ್ದೆ. ಸಂಜೆ. ಗಾಳಿಯಲ್ಲಿ ಕಲ್ಲಿನ ಕಾವು. ಹಸಿರು ಕನ್ನಡಕದಲ್ಲಿ ಅವರು ಬಹಳ ಹೊತ್ತು ನಿಂತು ನೋಡಿದರು. ಅವರಿಗೆ ಎಲ್ಲವೂ ನೀರಿನಡಿಯ ಊರಿನಂತೆ ಕಾಣುತ್ತಿತ್ತಂತೆ. ಬಂಡೆಗಳು ತಣ್ಣಗೆ ಮಲಗಿದ ಎಮ್ಮೆಗಳಂತೆ. ನಾನು ಆಕಾಶದತ್ತ ಬೆರಳೆತ್ತಿ, "ನಮ್ಮ ಮನೆ ಅಲ್ಲಿ ಬರುತ್ತದೆ" ಎಂದೆ. ಅಲ್ಲಿ ಆಗ ಎರಡು ಕೊಕ್ಕರೆಗಳು ಹಾರಿಹೋಗುತ್ತಿದ್ದವು.

"ಛಲೋ ಜಾಗಾ ಐತಿ" ಎಂದರು ಮೆಲ್ಲಗೆ. ಆಮೇಲೆ, "ಇಷ್ಟ್ ಮ್ಯಾಲೆ ಉರ್ದು ಪೇಪರ್ ಯಾರ ಒಗಿತಾರ ಮಾಸ್ತರ್ರ? ಸಾಹೇಬ್ರು ಮೆಟ್ಲ ಹತ್ತಿ ಬರ್ತಾರೇನು?"

"ಲಿಫ್ಟ್ ಇರುತ್ತದೆ."

"ಲಿಫ್ಟಿನ್ಯಾಗ ಬರೂದು ಬೀಗರು. ಗೆಳ್ಯಾರು ನಡಕೋತ ಬರ್ತಾರ."

ಅವರು ಕಳೆದುಕೊಳ್ಳಲಿರುವುದು ಏನೆಂದು ಆಗ ನನಗೆ ಸ್ಪಷ್ಟವಾಯಿತು. ಆದರೂ ಗೆಲುವು ನನ್ನದೇ ಎಂಬ ನಂಬಿಕೆ ಅಲುಗಲಿಲ್ಲ. ಅಷ್ಟರಲ್ಲಿ ಟಿವಿಯವರ ಮತಗಟ್ಟೆ ಸಮೀಕ್ಷೆಗಳಲ್ಲಿ ಕೆಲವು, ರಾಜ್ಯದಲ್ಲಿ ಸರಕಾರ ಬೀಳಬಹುದೆಂದು ಹೇಳಿದ್ದವು. ನಮ್ಮ ಬಸ್ಸು ಆ ಸುದ್ದಿಯನ್ನು ಮೆಹದಿಪಟ್ಟಣಂ ದಾಟುವುದರೊಳಗೆ ತಳ್ಳಿಹಾಕಿತು. ಅವರು ಕೇಳಬಾರದವರನ್ನು ಕೇಳಿದ್ದಾರೆ ಎಂದ ಒಬ್ಬ, ಎಲ್ಲರೂ ತಲೆಯಾಡಿಸಿದೆವು.

ಮೇ ಹನ್ನೊಂದು, ಮಂಗಳವಾರ, ರಾಜ್ಯದ ಎಣಿಕೆ. ಕಂಪನಿಯ ಕ್ಯಾಂಟೀನಿನ ಟಿವಿಯ ಮುಂದೆ ತಟ್ಟೆ ಹಿಡಿದು ನಿಂತಿದ್ದೆವು. ಮಧ್ಯಾಹ್ನದೊಳಗೆ ಸರಕಾರ ಬಿದ್ದುಹೋಗಿತ್ತು. ಕೂದಲೆಳೆಯ ಅಂತರದಲ್ಲಿ ಅಲ್ಲ, ತೀರ ಅಡಿಮೇಲಾಗಿ. ಎಲ್ಲರ ಮುಖಗಳೂ ಜೋತುಬಿದ್ದವು. ಗಾಜಿನಾಚೆ ಬಿಸಿಲು ನಿನ್ನೆಯಂತೆಯೇ ಇತ್ತು, ಬಂಡೆಗಳೂ ಇದ್ದವು. ನಮ್ಮ ಬಸ್ಸಿನೊಳಗೆ ಮಾತ್ರ ಇದ್ದ ಒಂದು ರಾಜ್ಯ ಎಚ್ಚರವಾದೊಡನೆ ಇಲ್ಲವಾದಂತಾಯಿತು. ಸಂಜೆ ಇಳಿಯುವಾಗ ಡ್ರೈವರನ ಮುಖ ನೋಡಿದೆ. ಅವನು ಗೇರಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಈ ಸಲ ನಾನು ಏನೂ ಕೇಳಲಿಲ್ಲ.

ವರಾಂಡದಲ್ಲಿ ಇಬ್ಬರು ಹಿರಿಯರೂ ಕುಳಿತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು, "ಪಂಚರು ತೀರ್ಪು ಹೇಳ್ಲೇನು?" ಎಂದಳು.

ಚಪ್ಪಲಿಯನ್ನೂ ಬಿಡದೆ ನಾನು ವಾದಕ್ಕೆ ನಿಂತೆ. "ನಾವು ಒಂದೇ ದಿನ ಎರಡು ಮತ ಹಾಕಿದ್ದೇವೆ. ರಾಜ್ಯದ್ದನ್ನಷ್ಟೇ ಎಣಿಸಿದ್ದಾರೆ, ದಿಲ್ಲಿಯದು ಗುರುವಾರ. ಅರ್ಧ ಉತ್ತರಪತ್ರಿಕೆ ತಿದ್ದಿ ಫಲಿತಾಂಶ ಪ್ರಕಟಿಸುವ ಪದ್ಧತಿ ಯಾವ ಶಾಲೆಯಲ್ಲೂ ಇಲ್ಲ. ದಿಲ್ಲಿಯ ಸರಕಾರ ಇಲ್ಲಿ ಬಿದ್ದವರ ಗೆಳೆಯರದೇ. ಅದು ಉಳಿದರೆ ಇಲ್ಲಿಯ ಬೆಳವಣಿಗೆ ನಿಲ್ಲುವುದಿಲ್ಲ."

"ಅಯ್ಯಯ್ಯ, ಫೇಲಾದ ಹುಡುಗ್ರು ಹಿಂಗ ಅಂತಾವ!" ಎಂದಳು ಅವಳು. "ಅಪ್ಪಾ, ಒಪ್ಪಬ್ಯಾಡ. ಗೆದ್ದೀದಿ, ಸುಮ್ನ ಕುಂದರು."

ಮಾವನವರು ಹಸಿರು ಕನ್ನಡಕವನ್ನು ನನ್ನ ಕಡೆಗೆ ತಿರುಗಿಸಿದರು. "ಆಗ್ಲಿ ಮಾಸ್ತರ್ರ. ಗುರುವಾರತನ ಕಾಯೂಣು. ದಿಲ್ಲಿದು ಉಳೀತಂದ್ರ ಮಾಳಿಗಿ ಹತ್ತತೀನಿ."

ಸಾಹೇಬರು ಬಸಿಯನ್ನು ನೆಲಕ್ಕಿಟ್ಟುಬಿಟ್ಟರು. "ಕೈಕು ಭಾಯಿಸಾಬ್? ಜೀತ್ ಗಏ ನಾ ಆಪ್! ದಿಲ್ಲಿ ತೋ ನಹೀಂ ಹಿಲ್ತೀ ಬೋಲ್ಕೆ ಆಪ್ ಇಚ್ ಬೋಲೇ ನಾ?"

ದಿಲ್ಲಿ ಅಲುಗದೆಂದು ಅವರೇ ಹೇಳಿದ್ದರು. ನನ್ನ ಪತ್ರಿಕೆಯಂತೆ ಅವರ ಪತ್ರಿಕೆಯೂ ದಿಲ್ಲಿಯ ಸರಕಾರ ಕೆಲವು ಸ್ಥಾನ ಕಳೆದುಕೊಂಡಾದರೂ ಉಳಿದೀತೆಂದೇ ಅಂಜಿಕೊಂಡು ಬರೆದಿತ್ತು. ಗೆದ್ದ ವರಾಂಡವನ್ನು ಅವರು ತಿಳಿದೂ ತಿಳಿದೂ ನನ್ನ ಕೈಗೆ ಇಡುತ್ತಿದ್ದರು.

"ಹುಡುಗನ ಮಾರಿ ನೋಡ್ರಿ ಸಾಹೇಬ್ರ" ಎಂದರು ಅವರು, ನಾನಲ್ಲಿ ಇಲ್ಲವೆಂಬಂತೆ. "ಅಂವಾ ಇಷ್ಟ್ ದಿನ ಅದರಾಗ ವಸ್ತಿ ಮಾಡ್ಯಾನ. ಒಂದs ದಿನಕ್ಕ ಮನಿ ಖಾಲಿ ಮಾಡು ಅಂದ್ರ ಹ್ಯಾಂಗ?"

ನಲವತ್ತಮೂರರಲ್ಲಿ ನನ್ನನ್ನು ಹುಡುಗನೆಂದವರು ಅವರೊಬ್ಬರೇ. ಬುಧವಾರ ಮನೆಯಲ್ಲಿ ಯಾರೂ ಸುದ್ದಿಯ ಮಾತೆತ್ತಲಿಲ್ಲ. ಮೂರು ಸುದ್ದಿಗಳೂ ದಿಲ್ಲಿ ಉಳಿದೀತೆಂಬ ಒಂದೇ ಮಾತು ಹೇಳುತ್ತಿದ್ದ ಮೊದಲ ದಿನ ಅದು. ನಾನು ಗೆಲ್ಲಲಿದ್ದೆ, ಆದರೂ ಬಾಯಿಗೆ ರುಚಿಯಿರಲಿಲ್ಲ. ಸಾಹೇಬರು ಅಂದು ಪತ್ರಿಕೆ ಓದದೆ, ಪಾರ್ಸೆಲ್ ಕಚೇರಿಯಲ್ಲಿ ಬುಟ್ಟಿ ಹರಿದು ಮಾವಿನಹಣ್ಣುಗಳು ಪ್ಲಾಟ್‌ಫಾರ್ಮಿನ ತುಂಬ ಉರುಳಿದ ಹಳೆಯ ಕಥೆ ಹೇಳಿದರು. ಮಾವನವರು ಕೈ ನೀಡಿ ಬೇವಿನ ಕೊಂಬೆಯನ್ನು ಒಮ್ಮೆ ಮುಟ್ಟಿ ಬಿಟ್ಟರು.

ಗುರುವಾರ ನಾನು ರಜೆ ಹಾಕಿದೆ. ಹೆಂಡತಿ ಟಿವಿಯನ್ನು ವರಾಂಡಕ್ಕೇ ಎಳೆದು ತಂದಳು. ಮೂರು ಭಾಷೆಯ ವಾಹಿನಿಗಳನ್ನೂ ತಿರುತಿರುಗಿಸಿ ನೋಡಿದೆವು. ಮೂರರಲ್ಲೂ ನಿರೂಪಕರ ಮುಖ ನಮ್ಮ ಕ್ಯಾಂಟೀನಿನ ಮುಖಗಳಂತಾಗುತ್ತಾ ಹೋಯಿತು. ಬೇವಿನ ನೆರಳು ಗೋಡೆಯಿಂದ ಕುರ್ಚಿಗೆ ಸರಿಯುವಷ್ಟರಲ್ಲಿ ದಿಲ್ಲಿಯದೂ ಬಿದ್ದಿತ್ತು.

ಮಾವನವರು ನಂಬಲಿಲ್ಲ. "ಖರೇನs?" ಎಂದು ಸಾಹೇಬರನ್ನು ಕೇಳಿದರು, ನನ್ನನ್ನು ಕೇಳಿದರು, ಕೊನೆಗೆ ಮಗಳನ್ನು ಕೇಳಿದರು. ನಾನು ಎದ್ದುಹೋಗಿ ಒಳಗಿನ ಕಪಾಟಿನಿಂದ ಫ್ಲ್ಯಾಟಿನ ಬಣ್ಣದ ಕಾಗದವನ್ನು ತಂದು, ಮಡಿಸಿ, ಒಂದು ಕಾಲು ಗಿಡ್ಡವಾಗಿ ಅಲುಗುತ್ತಿದ್ದ ಸಾಹೇಬರ ಬೆತ್ತದ ಕುರ್ಚಿಯ ಆ ಕಾಲಿನಡಿ ಇಟ್ಟೆ. ಕುರ್ಚಿ ನೆಟ್ಟಗಾಯಿತು.

"ಈಗ ಹೇಳ್ಲೇನು ತೀರ್ಪು?" ಎಂದಳು ಹೆಂಡತಿ.

"ಹೇಳು" ಎಂದೆ.

"ವರಾಂಡ ಇಲ್ಲೇ ಇರ್ತದ. ನಾನೂ ಇಲ್ಲೇ ಇರಬೇಕಂತ ಇದ್ದೆ. ಯಾರರ ಕೇಳಿದ್ರ ಯುಗಾದಿ ದಿನಾನs ಹೇಳ್ತಿದ್ದೆ."

ಅಂದು ೨೦೦೪ನೆಯ ಇಸವಿಯ ಮೇ ತಿಂಗಳ ಹದಿಮೂರನೆಯ ತಾರೀಖು, ಗುರುವಾರ.