ಶೇಂಗಾ ಗಿಡ ತಂದ ಟೀಚರ್

ತೊಂಬತ್ತರ ದಶಕದಲ್ಲಿ, ಒಂದು ಬೇಸಿಗೆ ರಜೆ ಮುಗಿಯುವುದರೊಳಗೆ, ಸೊಲ್ಲಾಪುರದ ನಮ್ಮ ಶಾಲೆ ‘ಇಂಟರ್‌ನ್ಯಾಷನಲ್’ ಆಗಿಬಿಟ್ಟಿತ್ತು. ಬದಲಾದದ್ದು ಬೋರ್ಡು ಮತ್ತು ನಮ್ಮ ಟೈ. ಇನ್ನು ಮಕ್ಕಳೇ ಪ್ರಶ್ನೆ ಕೇಳಿ ಕಲಿಯುತ್ತಾರೆಂದು ಹೆಡ್‌ಸರ್ ಸಾರಿದರು. ಆ ಪ್ರಶ್ನೆಗಳನ್ನು ತಾವೇ ಬರೆದು ನಮಗೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದರು.

ಮೂರನೇ ಇಯತ್ತೆಯ ನಮ್ಮ ಟೀಚರ್ ದಿನಾ ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಪಾಠ ಶುರು. ಏನು ಕೇಳಿದರೂ, “ತಡೀರಿ, ನೋಡೂಣು” ಎನ್ನುತ್ತಿದ್ದರು.

ಪಾಲಕರನ್ನು ಕರೆಸಿದ ದಿನ ನನ್ನ ಪಾಲಿನ ಪ್ರಶ್ನೆ, ಬೀಜಕ್ಕೆ ನೀರೇಕೆ ಬೇಕು ಎಂಬುದು. ಎದ್ದು ನಿಂತೊಡನೆ ಅದರ ಇಂಗ್ಲಿಷ್ ಮರೆತೇಹೋಯಿತು. ಬೋರಾಮಣಿ ಊರಿನ ನಮ್ಮ ಮಾವನ ಶೇಂಗಾ ಹೊಲ ಕಣ್ಣೆದುರು ಬಂದು, ಶಾಲೆಯಲ್ಲಿ ಆಡಬಾರದ ಕನ್ನಡದಲ್ಲೇ ಕೇಳಿಬಿಟ್ಟೆ: “ಟೀಚರ್, ಶೇಂಗಾದ ಹೂ ಮ್ಯಾಲ ಇರ್ತದ, ಕಾಯಿ ಮಣ್ಣಾಗ ಹ್ಯಾಂಗ ಹೋಗ್ತದ?”

ಹೆಡ್‌ಸರ್ ಮುಖ ಕೆಂಪಾಯಿತು. ಟೀಚರ್ ಸೆರಗು ಸಿಕ್ಕಿಸಿದರು.

“ನನಗೂ ಗೊತ್ತಿಲ್ಲ ನೋಡವಾ. ತಡಿ, ನೋಡೂಣು.”

ಅಷ್ಟು ಜನರೆದುರು ಹಾಗೆಂದವರು ನನ್ನ ಟೀಚರ್ ಎಂದು ಅವತ್ತು ಉಬ್ಬಿದ ಎದೆ ಇನ್ನೂ ಇಳಿದಿಲ್ಲ.

ಮರುದಿನ ಅವರು ಹೂಬಿಟ್ಟ ಶೇಂಗಾ ಗಿಡವೊಂದನ್ನು ತಗಡಿನ ಡಬ್ಬಿಯಲ್ಲಿ ತಂದು ಅಂಗಳದಲ್ಲಿ ನೆಟ್ಟರು. ನಾವು ದಿನಾ ನೋಡಿದೆವು. ಹೂ ಬಾಡಿದಲ್ಲಿ ಹುಟ್ಟಿದ ದಾರದಂಥ ಕುಡಿಯೊಂದು ಕೆಳಗೆ ಬಾಗಿ ಮಣ್ಣು ಮುಟ್ಟಿದಾಗ ಟೀಚರ್ ನೆಲಕ್ಕೆ ಗಲ್ಲ ಹಚ್ಚಿ ಮಲಗಿಯೇಬಿಟ್ಟರು. ಸುತ್ತಲೂ ನಾವು.

“ಕಾಯ್ ಚಾಲಲಂಯ್? ಏನ್ರಿ ಇದು, ಪಾಠ ಯಾವಾಗ?” ವರಾಂಡದಿಂದ ಹೆಡ್‌ಸರ್ ಮರಾಠಿ ಬೆರೆಸಿ ಕೂಗಿದರು.

ಟೀಚರ್ ತಲೆ ಎತ್ತಲಿಲ್ಲ.

“ತಡೀರಿ ಸರ್, ಮಣ್ಣಾಗ ಹೊಂಟದ.”