ನನ್ನ ಮೂರು ಮೆಚ್ಚಿನ ಜಾಗಗಳು ಮತ್ತು ಒಂದು ಟಗರು

ಕಳೆದ ತಿಂಗಳು ಒಬ್ಬ ಮದುಮಗ ನನ್ನ ಕಣ್ಣೆದುರೇ ಮದುಮಗಳನ್ನು ಬಿಟ್ಟು ಓಡಿಹೋದ.

ಗಾಬರಿಯಾಗಬೇಡಿ. ದೂರವೇನೂ ಹೋಗಲಿಲ್ಲ, ನಲವತ್ತು ಹೆಜ್ಜೆ ಅಷ್ಟೇ. ಆದರೆ ಆ ನಲವತ್ತು ಹೆಜ್ಜೆಯ ಹನ್ನೊಂದು ಫೋಟೋ ನನ್ನ ಕ್ಯಾಮೆರಾದಲ್ಲಿ ಬಿದ್ದುಬಿಟ್ಟವು. ಹನ್ನೊಂದೂ ಶಾರ್ಪ್. ಒಂದಾದರೂ ಶೇಕ್ ಆಗಿರಬಾರದಿತ್ತೇ?

ಮೊದಲಿನಿಂದ ಹೇಳುತ್ತೇನೆ. ನಾನು ಗೋಕಾಕಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಹುಟ್ಟೂರು ಮಂಡ್ಯದ ಕಡೆ. ಯಾರದೋ ಮದುವೆಯ ಫೋಟೋ ತೆಗೆಯಲು ಎರಡು ದಿನಕ್ಕೆಂದು ಬಂದವನು, ಮಳೆಗಾಲದ ಫಾಲ್ಸ್ ನೋಡಿ ಇಲ್ಲೇ ಸ್ಟುಡಿಯೋ ಹಾಕಿಕೊಂಡು ಕೂತೆ. (ಇದಕ್ಕೆ ಬೇರೇನೋ ಕಾರಣ ಇರಲೇಬೇಕು ಎಂದು ಊರಲ್ಲಿ ಈಗಲೂ ಹುಡುಕುತ್ತಿದ್ದಾರೆ.) ಆಮೇಲೆ ಒಂದೊಂದಾಗಿ ನನ್ನವೇ ಜಾಗಗಳು ಸಿಕ್ಕವು. ಬೆಳಕು ಚೆನ್ನಾಗಿ ಬೀಳುವ ಜಾಗ, ಹೊಗೆ ನಿಧಾನಕ್ಕೆ ಏಳುವ ಜಾಗ, ಸುಮ್ಮನೆ ನಿಂತರೂ ಏನೋ ಆಗಲಿದೆ ಅನ್ನಿಸುವ ಜಾಗ. ಅವುಗಳ ವಿಳಾಸವನ್ನು ಯಾರಿಗೂ ಹೇಳುವುದಿಲ್ಲ. ಫಾಲ್ಸಿನ ತೂಗುಸೇತುವೆಗೆ ಏನಾಗಿದೆ ನೋಡಿದ್ದೀರಲ್ಲ? ಭಾನುವಾರ ಅಲ್ಲಿ ನೀರಿಗಿಂತ ಸೆಲ್ಫಿ ಸ್ಟಿಕ್ ಹೆಚ್ಚು.

ಹೀಗಿರುವಾಗ ಯಮಕನಮರಡಿಯ ಬಸವರಾಜ ಸ್ಟುಡಿಯೋಗೆ ಬಂದ. ಸ್ವಂತ ಟೆಂಪೊ ಓಡಿಸುವ ಗಟ್ಟಿಮುಟ್ಟಾದ ಹುಡುಗ, ಹುರಿಮೀಸೆ. ಮುಂದಿನ ತಿಂಗಳು ಮದುವೆ, ಪ್ರಿ-ವೆಡ್ಡಿಂಗ್ ಶೂಟ್ ಬೇಕಿತ್ತು.

"ಸರ್, ಊಟಿ ಥರಾ ಬರಬೇಕ್ರಿ. ಮಂಜ ಇರಬೇಕು, ಹೊಗಿ ಇರಬೇಕು."

ಊಟಿ! ನನ್ನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. "ಊಟಿ ಯಾಕೆ? ನಾಳಿದ್ದು ಬೆಳಿಗ್ಗೆ ಆರಕ್ಕೆ ಬನ್ನಿ, ನನ್ನ ಮೂರು ಜಾಗ ತೋರಿಸುತ್ತೇನೆ" ಅಂದುಬಿಟ್ಟೆ. ಹದಿನಾಲ್ಕು ವರ್ಷದ ಗುಟ್ಟು ಹದಿನಾಲ್ಕು ಸೆಕೆಂಡಿನಲ್ಲಿ ಹೊರಬಂತು.

ಹೇಳಿದ ದಿನ ಬೆಳಿಗ್ಗೆ ಕಾರಿನಿಂದ ಮೂವರು ಇಳಿದರು. ಬಸವರಾಜ. ಮದುಮಗಳು ಮಾಳವ್ವ, ಹುಕ್ಕೇರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ, ಮಾತು ಬಹಳ ಕಡಿಮೆ. ಮೂರನೆಯವರು ಬಸವರಾಜನ ಸೋದರತ್ತೆ ಗಂಗವ್ವ. ಕೈಯಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿ, ಮೊಸರಿನ ಡಬ್ಬಿ.

"ಲಗ್ನ ಆಗೂತನಾ ಇಬ್ಬರನ್ನ ಹೆಂಗ ಕಳಸೂದ್ರಿ ತಮ್ಮಾ? ನಾ ಬಾಜೂಕ ಕುಂಡರ್ತೇನಿ. ನನ್ನ ಫೋಟೋ ತಗೀಬ್ಯಾಡ್ರಿ" ಅಂದರು.

ನಾನೇನೂ ತೆಗೆಯಲಿಲ್ಲ. ಅವರೇ ಬಂದರು, ಪ್ರತಿ ಫ್ರೇಮಿನಲ್ಲೂ.

ಮೊದಲ ಜಾಗ ಮೂಡಲಗಿ ರಸ್ತೆಯ ಒಂದು ಬೆಲ್ಲದ ಗಾಣ. ಕಬ್ಬಿನ ಹಾಲು ಕುದಿಯುವಾಗ ಏಳುವ ಹಬೆ ಇದೆಯಲ್ಲ, ತಗಡಿನ ಸಂದಿಯಿಂದ ಬಂದ ಎಳೆಬಿಸಿಲು ಅದರೊಳಗೆ ಕೋಲುಕೋಲಾಗಿ ನಿಲ್ಲುತ್ತದೆ. ಆ ಬೆಳಕಿನಲ್ಲಿ ಬನಿಯನ್ ಹಾಕಿಕೊಂಡ ಗಾಣದ ಮಾಲೀಕರೂ ದೇವಲೋಕದಿಂದ ಇಳಿದವರಂತೆ ಕಾಣುತ್ತಾರೆ. ಮಾಳವ್ವ ಉಟ್ಟಿದ್ದು ಬಾಡಿಗೆಯ ಗುಲಾಬಿ ಗೌನು. ಅದರ ಬಾಲವೇ ಹನ್ನೆರಡು ಅಡಿ. ಕೊಪ್ಪರಿಗೆಯಿಂದ ದೂರ ನಿಲ್ಲಿಸಿ ಮೂವತ್ತು ಫೋಟೋ ತೆಗೆದೆ. ಇಪ್ಪತ್ತೆಂಟರಲ್ಲಿ ಲೆನ್ಸಿಗೆ ಹಬೆ ಹಿಡಿದು ಬರೀ ಬಿಳುಪು. ಉಳಿದ ಎರಡರಲ್ಲಿ ಗಂಗವ್ವ ಬಿಸಿಬೆಲ್ಲ ತಿನ್ನುತ್ತಿದ್ದಾರೆ.

ಹೊರಡುವಾಗ ನೋಡಿದರೆ ಗೌನಿನ ಬಾಲಕ್ಕೆ ನೆಲದ ಬೆಲ್ಲವೆಲ್ಲ ಮೆತ್ತಿಕೊಂಡಿತ್ತು, ಮೇಲೆ ಕಬ್ಬಿನ ಸಿಪ್ಪೆ ಬೇರೆ. "ಒಣಗಿದ ಮ್ಯಾಲ ಉದುರತೈತಿ ಬಿಡ್ರಿ" ಎಂದು ಬಸವರಾಜ ಧೈರ್ಯ ಹೇಳಿದ. ಬೆಲ್ಲ ಎಲ್ಲಾದರೂ ಉದುರುತ್ತದೆಯೇ?

ಎರಡನೆಯ ಜಾಗ ಹುಕ್ಕೇರಿಯ ಗುಮ್ಮಟ. ಹೊರಗೆ ಬಿಸಿಲು ಏರಿದಷ್ಟೂ ಒಳಗಿನ ನೆರಳು ನೀಲಿಯಾಗುತ್ತದೆ. ಪಾರಿವಾಳ ಹಾರಿದರೆ ಸಾಕು, ಇಡೀ ಗುಮ್ಮಟ ಉಸಿರಾಡಿದಂತೆ ಅನ್ನಿಸುತ್ತದೆ. ನಾನು ಲೆನ್ಸ್ ಒರೆಸಿಕೊಂಡು ಬರುವಷ್ಟರಲ್ಲಿ ಗಂಗವ್ವ ಆ ತಂಪಿನಲ್ಲಿ ನಿದ್ದೆ ಹೋಗಿದ್ದರು. ಎಲ್ಲಿ? ಸರಿಯಾಗಿ ಕಮಾನಿನ ನಡುವೆ. ಎಬ್ಬಿಸಲು ಹೋದೆ.

"ಬ್ಯಾಡ್ರಿ, ಮಕ್ಕೊಳ್ಳಿ. ಮುಂಜಾನಿ ನಾಕಕ್ಕ ಎದ್ದ ರೊಟ್ಟಿ ಮಾಡ್ಯಾರ" ಅಂದಳು ಮಾಳವ್ವ. ಅವತ್ತು ಅವಳಾಡಿದ ಮೊದಲ ಮಾತು ಅದು. ಅತ್ತೆ ಏಳುವ ಹೊತ್ತಿಗೆ ಒಳಗಿನ ಆ ನೀಲಿ ಹೋಗಿತ್ತು.

ಸಂಜೆ ಮೂರನೆಯ ಜಾಗಕ್ಕೆ ಹೋದೆವು. ಹಿಡಕಲ್ ಜಲಾಶಯದ ಹಿನ್ನೀರು. ನೀರು ಹಿಂದೆ ಸರಿದ ಮೇಲೆ ಅಲ್ಲಿ ಎಳೆಹುಲ್ಲು ಚಿಗುರುತ್ತದೆ, ಕುರಿಹಿಂಡುಗಳು ಇಳಿಯುತ್ತವೆ. ಹಿಂಡಿನ ಕಾಲಧೂಳಿನ ಹಿಂದೆ ಸೂರ್ಯ ಮುಳುಗುವುದನ್ನು ಒಮ್ಮೆ ನೋಡಿ, ಆಮೇಲೆ ಊಟಿಯ ಮಾತಾಡಿ.

ಎಲ್ಲ ಸರಿಯಾಗಿತ್ತು. ಬೆಳಕು, ಧೂಳು, ಹುರಿಮೀಸೆ. ಗಂಗವ್ವ ಕೂಡ ನನ್ನ ಬೆನ್ನ ಹಿಂದೆ ಕೂತಿದ್ದರು. ಇನ್ನೇನು ಕ್ಲಿಕ್ ಮಾಡಬೇಕು, ಒಂದು ಕುರಿ ಬಂದು ಗೌನಿನ ಬಾಲ ನೆಕ್ಕಿತು. ನಂತರ ಇನ್ನೊಂದು. ಐದು ನಿಮಿಷದಲ್ಲಿ ಅರ್ಧ ಹಿಂಡು ಮದುಮಗಳ ಹಿಂದೆ ಸಾಲುಗಟ್ಟಿತು.

ಮಾಳವ್ವನ ತುಟಿ ಏನೋ ಸದ್ದು ಹೊರಡಿಸುವಂತೆ ಮುಂದೆ ಬಂತು. ತಟ್ಟನೆ ತಡೆದುಕೊಂಡು, "ಅಯ್ಯ, ಅಂಜಿಕಿ ಬರ್ತೈತ್ರಿ" ಅಂದಳು. ಅಂಜಿದವಳಂತೆ ಮಾತ್ರ ಕಾಣಲಿಲ್ಲ.

ಬಸವರಾಜನಿಗೆ ಇಷ್ಟೇ ಸಾಕಾಯಿತು. "ಸರ್, ಕ್ಯಾಮೆರಾ ಚಾಲೂ ಇಡ್ರಿ. ನಾ ಓಡಸ್ತೇನಿ ನೋಡ್ರಿ" ಎಂದು ಜೇಬಿನಿಂದ ಒಂದು ಡಬ್ಬಿ ತೆಗೆದ. ಆನ್‌ಲೈನಿನಲ್ಲಿ ತರಿಸಿದ ಬಣ್ಣದ ಹೊಗೆ! ನನ್ನ ಊಟಿಗಿಂತ ಮಿಗಿಲಾದ ವಾತಾವರಣದಲ್ಲಿ ಪ್ಲಾಸ್ಟಿಕ್ ಡಬ್ಬಿಯ ಹೊಗೆ! "ಬೇಡ ಬೇಡ" ಅನ್ನುವಷ್ಟರಲ್ಲಿ ಪಿನ್ ಎಳೆದಾಗಿತ್ತು.

ಬುಸ್ ಎಂದು ಗುಲಾಬಿ ಹೊಗೆ ಎದ್ದಿತು. ಕುರಿಗಳು ದಿಕ್ಕಾಪಾಲಾದವು. ಒಂದನ್ನು ಬಿಟ್ಟು.

ಹೊಗೆಯೊಳಗಿಂದ ಮೊದಲು ಬಂದದ್ದು ಕೊಂಬು. ಅದರ ಹಿಂದೆ ಟಗರು. ತಲೆ ತಗ್ಗಿಸಿ ನೇರ ಬಸವರಾಜನ ಕಡೆ. ಅವನು ಡಬ್ಬಿ ಎಸೆದ, ಮದುಮಗಳ ಕೈ ಬಿಟ್ಟ, ಓಡಿದ. ಕಾರಿನ ಬಾನೆಟ್ ಹತ್ತಿ ನಿಂತ. ನನ್ನ ಬೆರಳು ಭಯಕ್ಕೆ ಬಟನ್ ಮೇಲೇ ಗಟ್ಟಿಯಾಗಿ ಕೂತಿತ್ತು. ಹನ್ನೊಂದು ಫೋಟೋ ಬಂದದ್ದು ಹೀಗೆ.

ಗುರಿ ತಪ್ಪಿದ ಟಗರು ನನ್ನ ಬೆನ್ನ ಹಿಂದಿದ್ದ ಗಂಗವ್ವನತ್ತ ತಿರುಗಿತು. ಆಕೆಗೆ ನೆಲದಿಂದ ಏಳಲೂ ಆಗಲಿಲ್ಲ. ಮೊಸರಿನ ಡಬ್ಬಿ ಎದೆಗವಚಿಕೊಂಡು "ಯಪ್ಪಾ!" ಅಂದರು.

ಆಗ ಮಾಳವ್ವ ಹನ್ನೆರಡು ಅಡಿ ಗೌನನ್ನು ಒಂದೇ ಎಳೆತಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬಾಯಲ್ಲಿ "ಟುರ್ರ್ರ್... ಹೈ!" ಎಂಬ ಸದ್ದು. ಟಗರು ಅರೆಕ್ಷಣ ತಡವರಿಸಿತು. ಅಷ್ಟರಲ್ಲಿ ಪಕ್ಕಕ್ಕೆ ಸರಿದು ಎರಡೂ ಕೊಂಬು ಹಿಡಿದು, ಮೊಣಕಾಲನ್ನು ಅದರ ಕುತ್ತಿಗೆಗೆ ಒತ್ತಿ ನಿಲ್ಲಿಸಿಬಿಟ್ಟಳು. ಟಗರು ರಕ್ತಪರೀಕ್ಷೆಗೆ ಬಂದ ಪೇಷಂಟಿನಂತೆ ಸುಮ್ಮನಾಯಿತು.

ಕುರಿಯ ಯಜಮಾನರು ಕೋಲೂರಿಕೊಂಡು ನಿಧಾನಕ್ಕೆ ಬಂದರು. ನಮ್ಮ ಯಾರನ್ನೂ ನೋಡಲಿಲ್ಲ, ಅವಳು ಕೊಂಬು ಹಿಡಿದ ರೀತಿಯನ್ನು ನೋಡಿದರು.

"ಯಾರ ಪೈಕಿ ಯವ್ವಾ ನೀ?"

"ಕಣಗಲಾದ ವಿಠ್ಠಪ್ಪನ ಮೊಮ್ಮಗಳ್ರಿ ಕಾಕಾ" ಎಂದವಳೇ ನಾಲಿಗೆ ಕಚ್ಚಿಕೊಂಡಳು.

"ಅದಕ್ಕ ಮತ್ತ!" ಅಂದರು ಯಜಮಾನರು, ಟಗರನ್ನು ಬಿಡಿಸಿಕೊಂಡು ಹೊರಟರು.

ಮಾಳವ್ವ ಗೌನು ಇಳಿಸಿ, ತಲೆ ತಗ್ಗಿಸಿ ಗಂಗವ್ವನ ಮುಂದೆ ನಿಂತಳು. "ಸಣ್ಣಾಕಿದ್ದಾಗಿಂದ ಅಜ್ಜನ ಕೂಡ ಕುರಿ ಕಾಯ್ದೇನ್ರಿ. ಅವ್ವ ಹೇಳಬ್ಯಾಡ ಅಂದಿದ್ಳು. ನಿಮ್ಮ ಮನಿಯವರು ಮೆತ್ತನ್ನ ಹುಡುಗಿ ಬೇಕಂದಿದ್ರಂತ."

ಅವಳ ದನಿ ನಡುಗುತ್ತಿತ್ತು. ಟಗರಿನ ಮುಂದೆ ನಡುಗದವಳು! ನಾನು ಕ್ಯಾಮೆರಾ ಆಫ್ ಮಾಡಿದೆ. ಒಂದು ಮದುವೆ ಮುರಿದು ಬೀಳುವ ಜಾಗವೂ ನನ್ನ ಪಟ್ಟಿಗೆ ಸೇರಿತಲ್ಲ ಅಂದುಕೊಂಡೆ.

ಗಂಗವ್ವ ಡಬ್ಬಿಯ ಮುಚ್ಚಳ ಸರಿಮಾಡಿದರು. ಸೆರಗು ಕೊಡವಿದರು.

"ನಮ್ಮ ಮನ್ಯಾಗ ಒಂದ ಎಮ್ಮಿ ಐತಿ ಯವ್ವಾ. ನನ್ನ ಬಿಟ್ಟ ಯಾರನ್ನೂ ಹತ್ರ ಬಿಡೂದಿಲ್ಲ. ಆರ ವರ್ಷ ಆತು, ನಾ ಯಾರ ಊರಾಗೂ ಒಂದ ರಾತ್ರಿ ನಿಂತಿಲ್ಲ. ನೀ ಲಗೂನ ಬಾ. ನಾ ಪಂಢರಪುರಕ್ಕ ಹೋಗಿ ಬರ್ತೇನಿ."

ಮಾಳವ್ವ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಬಾನೆಟ್ ಮೇಲಿನಿಂದ ಸಣ್ಣ ದನಿಯೊಂದು ಬಂತು: "ಸರ್, ಅವೆಲ್ಲಾ ಡಿಲೀಟ್ ಮಾಡ್ರಿ."

"ಮಾಡಿ ನೋಡ್ರಿ ಮತ್ತ!" ಅಂದರು ಗಂಗವ್ವ.

ಯಾರ ಮಾತು ಕೇಳಬೇಕು? ನಾನು ಗಂಗವ್ವನ ಮಾತು ಕೇಳಿದೆ. ನಮ್ಮ ಆಲ್ಬಮ್ಮುಗಳಲ್ಲಿ ನಾವೆಲ್ಲ ಎಷ್ಟು ಶೂರರು, ಎಷ್ಟು ಮೆತ್ತಗಿನವರು! ಡಿಲೀಟ್ ಆದವು ಉಳಿದಿದ್ದರೆ ನಮ್ಮ ಮನೆಗಳ ಗೋಡೆಗಳು ಎಷ್ಟು ಮಜವಾಗಿರುತ್ತಿದ್ದವು ಅಲ್ಲವೇ?

ಮೂರು ದಿನ ಬಿಟ್ಟು ಬಸವರಾಜ ಒಬ್ಬನೇ ಬಂದ. ಬಾಗಿಲು ಹಾಕಿ ಪಿಸುಗುಟ್ಟಿದ. "ಸರ್, ಕಂಪ್ಯೂಟರ್‌ನ್ಯಾಗ ಟಗರ ನಾ ಹಿಡಿದಂಗ, ಆಕಿ ಹಿಂದ ನಿಂತಂಗ ಮಾಡಾಕ ಬರ್ತೈತೇನ್ರಿ?"

ಬರುತ್ತದೆ. ಆದರೆ ಅವನು ಬಾಗಿ ಏನನ್ನಾದರೂ ಹಿಡಿದ ಒಂದು ಫೋಟೋ ಬೇಕಲ್ಲ? ಸ್ಟುಡಿಯೋ ಹಿಂದಿನ ಓಣಿಗೆ ಕರೆದೊಯ್ದೆ. ಅಲ್ಲಿ ನನ್ನ ಹಳೆಯ ಸ್ಕೂಟರ್ ನಿಂತಿತ್ತು. "ಹ್ಯಾಂಡಲ್ ಹಿಡಿದುಕೊಳ್ಳಿ. ಕೊಂಬು ಅಂದುಕೊಳ್ಳಿ. ಮುಖದಲ್ಲಿ ಸ್ವಲ್ಪ ಸಿಟ್ಟಿರಲಿ" ಅಂದೆ. ಹುಡುಗ ಮೀಸೆ ತಿರುವಿ, ಸ್ಕೂಟರನ್ನು ಕೆಕ್ಕರಿಸಿ ನೋಡಿದ.

ಅಷ್ಟರಲ್ಲಿ ಹಿಂದಿನಿಂದ "ಏನ್ ಮಾಡಾಕತ್ತೀರಿ?" ಎಂಬ ದನಿ. ಮಾಳವ್ವ! ಆಲ್ಬಮ್ಮಿಗೆ ಫೋಟೋ ಆರಿಸಲು ಬಂದವಳು ನಮ್ಮನ್ನು ಹುಡುಕಿಕೊಂಡು ಓಣಿಗೇ ಬಂದಿದ್ದಳು.

ನಾನು ಲೆನ್ಸ್ ಒರೆಸತೊಡಗಿದೆ. ಬಸವರಾಜ ಹ್ಯಾಂಡಲ್ ಬಿಡಲಿಲ್ಲ, ಬಿಟ್ಟರೆ ಏನು ಮಾಡುವುದೆಂದು ತೋಚಲಿಲ್ಲವೇನೋ. ಕೊನೆಗೆ ಎಲ್ಲ ಹೇಳಿದ. "ನಾ ಅವತ್ತ ಹೆದರಿದ್ದೆ ಖರೆ."

"ನನಗೂ ಹೆದರಿಕಿ ಇತ್ರಿ. ಟಗರಿಂದಲ್ಲ. ನೀವು ಏನಂತೀರೋ ಅಂತ."

"ನಾ ಏನ್ ಅನ್ಲಿ? ನಾ ಬಾನೆಟ್ ಮ್ಯಾಲಿದ್ನಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಂದು ಅವನ ಕೈ ಸರಿಪಡಿಸಿದಳು. "ಹಂಗಲ್ರಿ. ಕೊಂಬಿನ ಬುಡಕ್ಕ ಹಿಡೀಬೇಕು. ಮೊಣಕಾಲ ಇಲ್ಲಿ ಒತ್ರಿ. ಹಾಂ, ಈಗ ತಳ್ರಿ!" ಅವನು ತಳ್ಳಿದ. ಸ್ಟ್ಯಾಂಡ್ ಕಳಚಿ ಸ್ಕೂಟರ್ ಮುಂದೆ ಹೋಯಿತು. ಇಬ್ಬರೂ ಅದನ್ನು ಹಿಡಿದುಕೊಂಡು, ತಲೆಗೆ ತಲೆ ತಾಗಿಸಿಕೊಂಡು, ಕಣ್ಣೀರು ಬರುವಷ್ಟು ನಗುತ್ತ ನಿಂತರು.

ಕ್ಲಿಕ್.

ಹಿಂದೆ ಗ್ಯಾಸ್ ಸಿಲಿಂಡರ್, ಪಕ್ಕದ ಮನೆಯವರು ಒಣಹಾಕಿದ ಚಾದರ, ತಲೆಯ ಮೇಲೆ ಕೇಬಲ್ ವೈರು. ಮಂಜಿಲ್ಲ, ಹಬೆಯಿಲ್ಲ, ಧೂಳಿನ ಹಿಂದೆ ಸೂರ್ಯನಿಲ್ಲ. ನಾನು ಈ ವರ್ಷ ತೆಗೆದ ಫೋಟೋಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ಕಲ್ಯಾಣಮಂಟಪದ ಬಾಗಿಲಿಗೆ ಅದನ್ನೇ ಹತ್ತಡಿ ಫ್ಲೆಕ್ಸ್ ಮಾಡಿ ಹಾಕಿದ್ದರು. ಯಾರಾದರೂ ಹೊಗಳಿಯಾರೆಂದು ನಾನು ಪಕ್ಕದಲ್ಲೇ ಸುಳಿದಾಡುತ್ತಿದ್ದೆ. ರುಮಾಲಿನ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

"ಹೆಣ್ಣಿನ ಕಡಿಯವರು ಗಾಡಿ ಕೊಟ್ಟಾರ ಖರೆ ಸಾಹೇಬ್ರ, ಇಷ್ಟ ಹಳೀದು ಯಾಕ ಕೊಟ್ರು?"